ಬರಿಮೈ ಪೆಟ್ಟಿಗೆಗೆ ಒದ್ದೆ ಅರಿವೆ

"ಮಾಮಾ, ನೀ ಮಾಡಿದ ಪೆಟ್ಟಿಗಿ ಬಾಯಿ ಬಿಡವಲ್ದು."

ಬೆಳಗಿನ ಚಹಾ ಕೈಯಲ್ಲಿತ್ತು. ಫೋನು ಸ್ಪೀಕರಿನಲ್ಲಿತ್ತು. ಬೀಳಗಿಯಿಂದ ಮಾತಾಡುತ್ತಿದ್ದವಳು ಸವಿತಾ, ನನ್ನ ನಾದಿನಿಯ ಮಗಳು. ಅವತ್ತೇ ಅವಳ ಕುಬುಸ. (ಬಸಿರು ಹೆಂಗಸಿಗೆ ಮಾಡುವ ಸೀಮಂತಕ್ಕೆ ನಮ್ಮ ಕಡೆ ಕುಬುಸ ಅನ್ನುತ್ತೇವೆ. ದಕ್ಷಿಣದ ಓದುಗರು ಬೇಜಾರು ಮಾಡಿಕೊಳ್ಳಬಾರದೆಂದು ಹೇಳಿದೆ.) ಉಡಬೇಕಾದ ಹಸಿರು ಸೀರೆ ಪೆಟ್ಟಿಗೆಯೊಳಗಿದೆ. ಪೆಟ್ಟಿಗೆಯ ಮುಚ್ಚಳ ಮಾತ್ರ ಅಲುಗಾಡುತ್ತಿಲ್ಲ.

"ಕೀಲಿ ಕಳದೈತೇನವ್ವಾ?" ನಮ್ಮವರು ಕೇಳಿದರು.

"ಅದಕ್ಕ ಕೀಲಿ ಎಲ್ಲೈತಿ ಮಾಮಾ? ಹಂಗ ಬಿಗದು ಕುಂತೈತಿ. ಇವರು ಸ್ಕ್ರೂ ಡ್ರೈವರ್ ತುಗೊಂಡು ಮೀಟತೇನಿ ಅಂತ ನಿಂತಾರ."

ನಮ್ಮವರು ಕಪ್ಪು ಕೆಳಗಿಟ್ಟರು. "ಪ್ರಕಾಶಗ ಕೊಡು ಫೋನ" ಅಂದರು. ಪ್ರಕಾಶ ಸವಿತಾಳ ಗಂಡ. "ಪ್ರಕಾಶಾ, ಮೀಟಬ್ಯಾಡಪಾ. ಕಟಗಿ ಸೀಳತೈತಿ. ನಾವು ಇನ್ನೇನು ಹೊಂಟೇವಿ. ಅಲ್ಲೀ ಮಟಾ ಯಾರೂ ಅದನ್ನ ಮುಟ್ಟಬ್ಯಾಡ್ರಿ."

ಫೋನಿಟ್ಟ ಮೇಲೆ ಚಹಾ ಕುಡಿಯಲಿಲ್ಲ. ಎದ್ದು ಹೋಗಿ ತಮ್ಮ ಸಾಮಾನಿನ ಚೀಲ ತಂದು ಬಾಗಿಲಲ್ಲಿಟ್ಟರು. ಕುಬುಸಕ್ಕೆ ಹೂವು ಹಣ್ಣು ಒಯ್ಯುವವರನ್ನು ನೋಡಿದ್ದೇನೆ. ಗರಗಸ ಒಯ್ಯುವವರನ್ನು ನೀವು ನೋಡಿದ್ದೀರಾ?

ಮೊದಲು ಈ ಪೆಟ್ಟಿಗೆಯ ಜಾತಕ ಹೇಳಿಬಿಡುತ್ತೇನೆ.

ನಮ್ಮವರು ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ನಿವೃತ್ತಿಯಾದ ಮೇಲೆ ಹಿತ್ತಲ ಪಡಸಾಲೆಯಲ್ಲಿ ಗರಗಸ, ಉಳಿ, ಹಲಗೆ ಹೆರೆಯುವ ರಂದಾ ಇಟ್ಟುಕೊಂಡು ಪೆಟ್ಟಿಗೆ ಮಾಡತೊಡಗಿದರು. ಯಾರಾದರೂ ಹಳೆಯ ಮನೆ ಕೆಡವುತ್ತಾರೆಂದು ಸುದ್ದಿ ಬಂದರೆ ಸಾಕು, ಇವರು ಹಲಗೆ ನೋಡಲು ಹೊರಡುತ್ತಾರೆ. ಸವಿತಾಳ ಪೆಟ್ಟಿಗೆಯ ಸಾಗವಾನಿ ಮುಧೋಳದ ಒಂದು ಹಳೇ ಮನೆಯ ಅಟ್ಟದಿಂದ ಬಂದದ್ದು. ತೊಳೆದ ಹಾಗೆ ತಿಳಿಕಂದು ಬಣ್ಣ. ಮೂಗಿನ ಹತ್ತಿರ ಹಿಡಿದರೆ ಸಣ್ಣಗೆ ಎಣ್ಣೆಯ ವಾಸನೆ.

ಇವರ ಪೆಟ್ಟಿಗೆಗಳಿಗೆ ಪಾಲಿಶ್ ಇರುವುದಿಲ್ಲ. ವಾರ್ನಿಶ್ ಇಲ್ಲ, ಬಣ್ಣ ಇಲ್ಲ. ಬರಿಮೈ ಕಟ್ಟಿಗೆ. ಕಾರಣ ಸೌಂದರ್ಯಪ್ರಜ್ಞೆ ಏನಲ್ಲ. ಇವರಿಗೆ ದಮ್ಮು. ವಾರ್ನಿಶ್ ಡಬ್ಬಿ ತೆರೆದರೆ ಉಸಿರು ಹಿಡಿಯುತ್ತದೆ. ಡಾಕ್ಟರು ಆ ವಾಸನೆಯ ಹತ್ತಿರವೂ ಸುಳಿಯಬೇಡಿ ಅಂದಿದ್ದಾರೆ. ಮೊದಮೊದಲು ಇವರಿಗೂ ಕೊರತೆ ಅನ್ನಿಸುತ್ತಿತ್ತು. ಆಮೇಲೆ ಅದೇ ರೂಢಿಯಾಯಿತು. ರೂಢಿಯಾದ ಮೇಲೆ ಅದೇ ಸಿದ್ಧಾಂತವಾಯಿತು. ಈಗ ಯಾರಾದರೂ ಕೇಳಿದರೆ, "ಕಟಗಿಗೆ ಅದರದs ಚರ್ಮ ಐತಿ. ಮ್ಯಾಲೊಂದು ರೇನ್‌ಕೋಟ್ ಯಾಕ?" ಅನ್ನುತ್ತಾರೆ.

ಪೆಟ್ಟಿಗೆಯೊಳಗಿನ ಸೀರೆಯದು ಬೇರೆ ಕಥೆ.

ಸವಿತಾಳ ಅಪ್ಪ ಈರಪ್ಪ ರಬಕವಿಯಲ್ಲಿ ಕೈಮಗ್ಗ ನೇಯುತ್ತಿದ್ದವರು. ಓಣಿಯೆಲ್ಲ ಪವರ್‌ಲೂಮ್ ಸದ್ದಾದ ಮೇಲೂ ಮನೆಯ ನಡುಕೋಣೆಯ ಮಗ್ಗ ಬಿಟ್ಟಿರಲಿಲ್ಲ. ಕೊನೆಗೆ ಬಿಡಿಸಿದ್ದು ಕಣ್ಣು. ಕಣ್ಣಿನ ನರಕ್ಕೇ ಏನೋ ಆಗಿದೆಯಂತೆ. ಆಪರೇಷನ್ನಿಗೆ ಬಗ್ಗುವಂಥದ್ದಲ್ಲವಂತೆ. ಸುತ್ತಲಿಂದ ನೋಟ ಸಣ್ಣಗಾಗುತ್ತ ಬರುತ್ತಿದೆ. ಮಗಳ ಮದುವೆ ಗೊತ್ತಾದಾಗ ಅವರು ಇನ್ನೊಂದೇ ಸೀರೆ ನೇಯುತ್ತೇನೆಂದು ಕೂತರು. ಮದುವೆ ಸೀರೆಯಲ್ಲ. ಹಸಿರು ಸೀರೆ. "ಮದವಿ ಸೀರಿ ಯಾರರೆ ಕೊಡತಾರ. ಮಗಳ ಕುಬಸಕ್ಕ ನಂದು ಇರಲಿ" ಅಂದರು. ಆಗುವ ಕುಬುಸಕ್ಕೆ ಆಗಲೇ ಸೀರೆ. ಎಲ್ಲರೂ ನಕ್ಕರು. ಅವರು ನೇದು ಮುಗಿಸಿದರು. ಮಗ್ಗ ಬಿಚ್ಚಿದರು.

ಆ ಸೀರೆ ಇಡಲೆಂದೇ ನಮ್ಮವರು ಪೆಟ್ಟಿಗೆ ಮಾಡಿದ್ದು. ಸೋದರಮಾವನ ಉಡುಗೊರೆ.

ಮದುವೆ ಹೋದ ವರ್ಷ ಬಿರುಬೇಸಿಗೆಯಲ್ಲಾಯಿತು. ಪೆಂಡಾಲಿನಲ್ಲಿ ಫ್ರಿಜ್ಜು, ಮುಖ ಕಾಣುವಂಥ ಸ್ಟೀಲ್ ಕೊಡ, ಕನ್ನಡಿ ಕೂರಿಸಿದ ಬೀರು. ಅವುಗಳ ನಡುವೆ ಈ ಬರಿಮೈ ಪೆಟ್ಟಿಗೆ, ಮೀಸೆ ತೆಗೆದ ಮರುದಿನದ ಗಂಡಸಿನ ಹಾಗೆ ಪೆಚ್ಚಾಗಿ ಕೂತಿತ್ತು. ಸವಿತಾಳ ಅತ್ತೆ ನೀಲವ್ವ ಬಂದರು. ಬೀಳಗಿಯ ಹಳೇ ಮನೆತನ, ಗಟ್ಟಿ ದನಿಯ ಹೆಂಗಸು. ಮುಚ್ಚಳದ ಮೇಲೆ ಬೆರಳಾಡಿಸಿ ಕೇಳಿದರು: "ಬಣ್ಣಾ ಹಚ್ಚೂದು ಉಳದೈತೇನ್ರಿ ಬೀಗರ?"

ಸುತ್ತ ನಿಂತವರು ನಕ್ಕರು.

"ಇಲ್ರಿ. ಅದು ಇರೂದs ಹಿಂಗ" ಅಂದರು ನಮ್ಮವರು. ಅವರೂ ನಕ್ಕರು. ಆದರೆ ಮನೆಗೆ ಬಂದ ಮೇಲೆ ಎಷ್ಟೋ ದಿನ ಹಿತ್ತಲ ಪಡಸಾಲೆಯಲ್ಲಿ ರಂದಾದ ಸದ್ದು ಕೇಳಲಿಲ್ಲ. ಆ ಮಾತನ್ನು ಅವರು ಮರೆತರೋ ಇಲ್ಲವೋ, ನಾನಂತೂ ಮರೆಯಲಿಲ್ಲ. (ಗಂಡನಿಗಾದ ಅವಮಾನವನ್ನು ಗಂಡನಿಗಿಂತ ಹೆಚ್ಚು ಕಾಲ ನೆನಪಿಡುವ ಖಾತೆ ಹೆಂಡತಿಯರದ್ದೇ ಅಲ್ಲವೇ?)

ಇಷ್ಟು ಹಿನ್ನೆಲೆ ಸಾಕು. ಕುಬುಸದ ದಿನಕ್ಕೆ ಬರೋಣ.

ರಬಕವಿಯಿಂದ ಕ್ರೂಸರ್ ಜೀಪು ಬಂತು. ಅದರ ತುಂಬ ಬುತ್ತಿ ಬುಟ್ಟಿಗಳು, ಹೂವು, ಹಸಿರು ಬಳೆ, ಓಣಿಯ ಹೆಂಗಸರು. ಮುಂದಿನ ಸೀಟಿನಲ್ಲಿ ಈರಪ್ಪ. ನನ್ನ ನಾದಿನಿ ಗಂಗವ್ವ ಸರಿದು ನನಗೆ ಜಾಗ ಕೊಟ್ಟಳು. ಕೊಟ್ಟವಳೇ ಕಿವಿಯ ಹತ್ತಿರ ಬಂದಳು.

"ವೈನಿ, ಸುದ್ದಿ ಕೇಳಿದ್ರ್ಯಾ? ನಾ ಹುಷಾರಿಗೆ ಅಂತ ಮಹಾಲಿಂಗಪುರದಾಗ ಇನ್ನೊಂದು ಹಸರ ಸೀರಿ ತುಗೊಂಡಿದ್ದೆ. ಪೆಟ್ಟಿಗಿ ತೆರೀಲಿಲ್ಲಂದ್ರ ಅದನ್ನs ಉಡಸೂದು. ಇವರಿಗೆ ಹೇಳಬ್ಯಾಡ್ರಿ."

ಇವರು, ಅಂದರೆ ಈರಪ್ಪ, ಮುಂದಿನ ಸೀಟಿನಿಂದಲೇ ಹೇಳಿದರು: "ಉಡಸ್ರಿ. ಹಸರ ಅಂದ್ರ ಹಸರ."

ಕಣ್ಣು ಮಂಜಾದವರ ಕಿವಿ ಎಷ್ಟು ಚುರುಕೆಂದು ನಾವು ಮರೆಯುತ್ತೇವೆ. ಗಂಗವ್ವ ಸೆರಗು ಬಾಯಿಗೆ ಹಿಡಿದು ಕೂತಳು.

ಊರು ದಾಟುವ ಹೊತ್ತಿಗೆ ಜಿಟಿಜಿಟಿ ಮಳೆ ಮತ್ತೆ ಹಿಡಿಯಿತು. ಈ ಸಲ ಶ್ರಾವಣ ಬಿಸಿಲನ್ನೇ ಮರೆತಿತ್ತು. ಎರಡೂ ಬದಿಗೆ ಕಬ್ಬು ತೊಯ್ದು ನಿಂತಿತ್ತು. ನಮ್ಮವರು ಯಾರನ್ನೂ ನೋಡದೆ ಮಾತಾಡಿದರು.

"ಬ್ಯಾಸಗ್ಯಾಗ ಮಾಡೇನಿ. ಕಟಗಿ ಒಣಗಿ ಸಣ್ಣ ಆಗಿತ್ತು. ನಾ ಏನ್ ಮಾಡಿದ್ನಿ, ಸೂಜಿ ಹೋಗದಂಗ ಮುಚ್ಚಳಾ ಕೂಡಸಿದ್ನಿ. ಮಳಿಗಾಲಕ್ಕ ಅದು ಉಬ್ಬತೈತಿ ಅನ್ನೂ ಖಬರs ಇಲ್ಲ."

"ನಮ್ಮ ಮಗ್ಗದ ಕಟಗೀನೂ ಮಳಿಗಾಲದಾಗ ಬಿಗಿತಿತ್ರಿ ಮಾಮಾರ" ಅಂದರು ಈರಪ್ಪ. ನಮ್ಮವರನ್ನು ಅವರು ಕರೆಯುವುದು ಹಾಗೆಯೇ. "ನಿಮಗೊಬ್ಬರಿಗೆ ಆಗಿದ್ದಲ್ಲ."

"ನಿಮ್ಮ ಮಗ್ಗ ಸೀರಿ ಕೊಡ್ತಿತ್ತು. ನನ್ನ ಪೆಟ್ಟಿಗಿ ನುಂಗಿ ಕುಂತೈತಿ."

ಈರಪ್ಪ ನಕ್ಕರು. ನನ್ನ ತಲೆಯಲ್ಲಿ ಬೇರೆ ಕೆಲಸ ನಡೆದಿತ್ತು. ಮುಧೋಳದ ಅಟ್ಟದಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿದ್ದ ಹಲಗೆ ಅದು. ಎರಡೇ ಮಳೆಗಾಲಕ್ಕೆ ಹೀಗಾಗಬೇಕಾದರೆ ಬೀಳಗಿಯ ಮನೆಯಲ್ಲಿ ಅದನ್ನು ಎಲ್ಲಿ ಎಸೆದಿರಬೇಕು? ಬಣ್ಣವಿಲ್ಲದ ಪೆಟ್ಟಿಗೆ ತಾನೇ, ಯಾವ ಮೂಲೆಯಾದರೇನು ಅಂದುಕೊಂಡಿರಬೇಕು ನೀಲವ್ವ. ಹೇಳಬೇಕಾದ ನಾಲ್ಕು ಮಾತುಗಳನ್ನು ದಾರಿಯುದ್ದಕ್ಕೂ ಹದ ಮಾಡುತ್ತ ಹೋದೆ.

ಮನೆ ತುಂಬ ಮಂದಿ. ಅಂಗಳದಲ್ಲಿ ಶಾಮಿಯಾನ, ಮೇಲಿಂದ ತೊಟ್ಟಿಕ್ಕುವ ನೀರು. ನಮ್ಮವರು ಚಪ್ಪಲಿ ಬಿಟ್ಟವರೇ ನೇರ ಒಳಕೋಣೆಗೆ ಹೋದರು. ಹಿಂದೆ ನಾನು.

ನಾನು ಎಣಿಸಿದಂತೆಯೇ ಇತ್ತು. ಪೆಟ್ಟಿಗೆ ಒಳಕೋಣೆಯ ಮೂಲೆಯಲ್ಲಿ, ಗೋಡೆಗೆ ಮೈಯೊತ್ತಿ ಕೂತಿತ್ತು. ಗೋಡೆಯ ಆಚೆ ಬಚ್ಚಲು. ಸುಣ್ಣ ಹಪ್ಪಳವಾಗಿ ಏಳುತ್ತಿತ್ತು. ಕೋಣೆಯಲ್ಲಿ ತೊಯ್ದ ಗೋಣಿಚೀಲದ ವಾಸನೆ. ಬಾಗಿಲಲ್ಲಿ ನೀಲವ್ವ ನಿಂತಿದ್ದರು. ಅವರ ಹಿಂದೆ ಸವಿತಾ, ಹಳೆಯ ಸೀರೆಯಲ್ಲೇ, ತಲೆ ತುಂಬ ಹೂವು ಮುಡಿದು. ಪಕ್ಕದಲ್ಲಿ ಪ್ರಕಾಶ. ಕೈಯಲ್ಲಿ ಇನ್ನೂ ಸ್ಕ್ರೂ ಡ್ರೈವರ್.

"ಜಾಗಾ ಛಲೋ ಹುಡಿಕೀರಿ ನೋಡ್ರಿ, ಬಚ್ಚಲ ಗ್ವಾಡಿಗೆ" ಅಂದೆ ನಾನು. ನಾಲ್ಕರಲ್ಲಿ ಇದು ಮೊದಲನೆಯ ಮಾತು.

"ಹೌದ್ರಿ" ಅಂದರು ನೀಲವ್ವ. "ನಮ್ಮ ಮನ್ಯಾಗ ಇದಕಿಂತಾ ಛಲೋ ಜಾಗಾ ಇಲ್ರಿ. ನಮ್ಮತ್ತಿ ಟ್ರಂಕ್ ಇಲ್ಲೇ ಇರ್ತಿತ್ತು. ದೇವರ ಕ್ವಾಣಿ ಬಾಜೂಕ. ಟ್ರಂಕ್ ತೆಗದು ಇದನ್ನ ಇಟ್ಟೇನ್ರಿ."

ನನ್ನ ಮಾತು ಅವರಿಗೆ ತಾಗಲೇ ಇಲ್ಲ. ಅವರು ನೇರವಾಗಿ ಉತ್ತರ ಕೊಟ್ಟಿದ್ದರು, ಅಷ್ಟೇ.

ನಮ್ಮವರು ಮೊಣಕಾಲೂರಿ ಮುಚ್ಚಳದ ಮೇಲೆ ಕೈ ಇಟ್ಟರು. ಅದರ ಮೇಲೆ ಅರಿಷಿಣದ ಹಳದಿ, ಕುಂಕುಮದ ಚುಕ್ಕೆಗಳು. ಒಂದರ ಮೇಲೊಂದು, ಎಷ್ಟೋ ವಾರಗಳ ಚುಕ್ಕೆಗಳು. "ಇದನ್ನ ಒರಸ್ತೀರೇನ್ರಿ?" ಅಂತ ಕೇಳಿದರು.

"ಶುಕ್ರವಾರಕ್ಕೊಮ್ಮಿ ತಪ್ಪಸೂದಿಲ್ರಿ ಬೀಗರ. ಒದ್ದಿ ಅರಿವಿಲೆ ಛಲೋತಂಗಿ ಒರಸಿ ಅರಿಷಿಣ ಕುಂಕುಮ ಹಚ್ಚತೇನ್ರಿ. ಸೊಸಿ ತವರಮನಿ ಪೆಟ್ಟಿಗಿ, ಲಕ್ಷ್ಮೀ ಇದ್ದಂಗಲ್ರಿ. ಈ ಮಳ್ಯಾಗ ಧೂಳ ರಾಡಿ ಜಾಸ್ತಿ ಅಂತ ದಿನಾ ಒರಸಾಕತ್ತಿದ್ನಿ."

ನಮ್ಮವರು ಹಾಗೇ ನೆಲದ ಮೇಲೆ ಕೂತರು. ಗೋಡೆಯ ಕಡೆಯಿಂದ ಬಚ್ಚಲ ನೀರು. ಮೇಲಿನಿಂದ ಪೂಜೆಯ ನೀರು. ಬರಿಮೈ ಕಟ್ಟಿಗೆ ಬಾಯಾರಿದವರ ಹಾಗೆ ಎರಡನ್ನೂ ಕುಡಿದಿತ್ತು.

"ಒದ್ದಿ ಅರಿವಿ ಆಗಿಬರೂದಿಲ್ರಿ ಇದಕ್ಕ" ಅಂದರು ಮೆಲ್ಲಗೆ.

ನೀಲವ್ವನ ಗಟ್ಟಿ ದನಿ ಇಳಿಯಿತು. "ತಪ್ಪಾತೇನ್ರಿ ನಂದು?"

"ನಿಮ್ಮದಲ್ರಿ. ಮಿಕ್ಸರ್ ತುಗೊಂಡ್ರ ಹೆಂಗ ಬಳಸಬೇಕಂತ ಪುಸ್ತಕಾ ಕೊಡತಾರ. ನಾ ಪೆಟ್ಟಿಗಿ ಕೊಟ್ನಿ, ಒಂದು ಮಾತು ಹೇಳಲಿಲ್ಲ."

ನನ್ನ ಉಳಿದ ಮೂರು ಮಾತುಗಳ ಗತಿ ಏನಾಯಿತೆಂದು ನೀವು ಕೇಳಬಾರದು. ನಾನು ಹೇಳುವುದೂ ಇಲ್ಲ.

ಪೆಟ್ಟಿಗೆಯನ್ನು ಎತ್ತಿ ಪಡಸಾಲೆಗೆ ತಂದರು. ಫ್ಯಾನಿನ ಕೆಳಗೆ ಜಮಖಾನೆ ಹಾಸಿ ಇಟ್ಟರು. ಸವಿತಾ ತನ್ನ ಹೇರ್ ಡ್ರೈಯರ್ ತಂದಳು. ನಮ್ಮವರು ಅದನ್ನು ದೂರದಿಂದ, ಸಣ್ಣ ಬಿಸಿಯಲ್ಲಿ, ಮುಚ್ಚಳದ ಸುತ್ತ ಆಡಿಸಿದರು. ಅಂಗೈಯಿಂದ ಅಂಚಿಗೆ ತಟ್ಟಿದರು. ಮತ್ತೆ ಬಿಸಿ, ಮತ್ತೆ ತಟ್ಟು. ಸುತ್ತ ನಿಂತ ಹೆಂಗಸರು ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ಕತ್ತು ಚಾಚಿ ನೋಡುತ್ತಿದ್ದರು. ಮುಚ್ಚಳ ಕೂದಲೆಳೆಯಷ್ಟೂ ಸರಿಯಲಿಲ್ಲ.

"ಒಂದು ವಾರ ಒಣಗಿದ್ರ ತಾನs ಬಿಡತೈತಿ" ಅಂದರು ನಮ್ಮವರು. ಹಣೆಯಲ್ಲಿ ಬೆವರು. "ತಾಸಿನ್ಯಾಗ ಬಿಡೂದಿಲ್ಲ."

ಅಂಗಳದಿಂದ ಯಾರೋ ಹಿರಿಯರು ಕೂಗಿದರು. ಹೊತ್ತಾಯಿತು, ಅಡಿಗೆ ಆರುತ್ತಿದೆ, ಮಂದಿ ಕಾಯುತ್ತಿದ್ದಾರೆ. ಗಂಗವ್ವ ನನ್ನ ಮುಖ ನೋಡಿದಳು. ಆಮೇಲೆ ಚೀಲದಿಂದ ಅಂಗಡಿ ಸೀರೆ ತೆಗೆದಳು. ಸವಿತಾ ಕೈ ಚಾಚಿದಳು. ಅವಳ ಕಣ್ಣು ಮಾತ್ರ ಪಡಸಾಲೆಯ ಆ ತುದಿಯ ಖುರ್ಚಿಯತ್ತ ಇತ್ತು. ಅಲ್ಲಿ ಈರಪ್ಪ ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದರು. ಏನು ನಡೆಯುತ್ತಿದೆಯೆಂದು ಅವರಿಗೆ ಕಾಣುತ್ತಿರಲಿಲ್ಲ. ಗೊತ್ತಾಗುತ್ತಿತ್ತು.

ನೀಲವ್ವ ನಡುವೆ ಬಂದರು.

"ಆ ಸೀರಿ ಮಡಚಿಡ್ರಿ ಬೀಗತಿ."

"ಹೊತ್ತಾತಲ್ರಿ ಅಕ್ಕಾ."

"ಆಗ್ಲಿ. ಅಪ್ಪ ನೇದಿದ್ದ ಸೀರಿ ಮನ್ಯಾಗ ಇರಬೇಕಾದ್ರ ಪ್ಯಾಟಿ ಸೀರಿ ಯಾಕ ಉಡಸೂದು? ಕಣ್ಣು ಹೋಗೂ ಹೊತ್ತಿನ್ಯಾಗ ಕುಂತು ನೇದಾರಂತ ಸವಿತಾ ಹೇಳ್ಯಾಳ ನನಗ." ಆಮೇಲೆ ಅಂಗಳದ ಕಡೆ ತಿರುಗಿ ತಮ್ಮ ಹಳೆಯ ಗಟ್ಟಿ ದನಿ ತೆಗೆದರು. "ಎಲ್ಲಾರಿಗೂ ಇನ್ನೊಮ್ಮಿ ಚಹಾ ಕೊಡ್ರಿ. ಹಾಡಾವ್ರು ಹಾಡ್ರಿ. ಪೆಟ್ಟಿಗಿ ತೆರಿಯೂ ಮಟಾ ಆರತಿ ಇಲ್ಲ."

ಮದುವೆಯ ಪೆಂಡಾಲಿನಲ್ಲಿ ಕೇಳಿದ್ದ ಅದೇ ದನಿ. ಅವತ್ತು ಅದರಿಂದ ನನಗೆ ಉರಿ ಹತ್ತಿತ್ತು. ಇವತ್ತು ಹೋಗಿ ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. (ಹಿಡಿದುಕೊಳ್ಳಲಿಲ್ಲ. ನಮ್ಮ ಕಡೆಯವರು ಅಷ್ಟು ಬೇಗ ಕೈ ಹಿಡಿಯುವುದಿಲ್ಲ.)

ಅಂಗಳದಲ್ಲಿ ಹಾಡು ಶುರುವಾಯಿತು. ಈರಪ್ಪ ಖುರ್ಚಿಯಿಂದ ಎದ್ದು, ಗೋಡೆ ಹಿಡಿದು, ಪೆಟ್ಟಿಗೆಯ ಹತ್ತಿರ ಬಂದು ಕೂತರು. ಎರಡೂ ಕೈಯಿಂದ ಅದರ ಮೈ ಸವರಿದರು. ಮೂಲೆಗಳನ್ನು ಮುಟ್ಟಿ ನೋಡಿದರು. ಬೆರಳು ಕೆಳಗಿನ ಅಂಚಿಗೆ ಹೋಗಿ ನಿಂತಿತು.

"ಮಾಮಾರ, ತಳಾ ಹೆಂಗ ಕೂಡಸೀರಿ?"

ನಮ್ಮವರು ಡ್ರೈಯರ್ ಹಿಡಿದ ಕೈ ಹಾಗೇ ನಿಲ್ಲಿಸಿದರು.

"ಸ್ಕ್ರೂ" ಅಂದರು. "ಸ್ಕ್ರೂ ಹಾಕೇನಿ."

ತಾವೇ ಹಾಕಿದ ಸ್ಕ್ರೂ ತಾವೇ ಮರೆತಿದ್ದರು. ಸೂಜಿ ಹೋಗದ ಮುಚ್ಚಳದ ಮೇಲೆ ಅಷ್ಟು ಅಭಿಮಾನ. ಬೆಳಗಿನಿಂದ ಎಲ್ಲರ ಕಣ್ಣೂ ಆ ಮುಚ್ಚಳದ ಮೇಲೆಯೇ ಇತ್ತು. ಪೆಟ್ಟಿಗೆಗೆ ಕೆಳಗೂ ಒಂದು ಮೈ ಇದೆಯೆಂದು ಹೊಳೆದದ್ದು, ನೋಡದೆ ಮುಟ್ಟಿದವರಿಗೆ.

"ಪ್ರಕಾಶಾ, ಕೊಡಿಲ್ಲೆ ನಿನ್ನ ಸ್ಕ್ರೂ ಡ್ರೈವರ್" ಅಂದರು ನಮ್ಮವರು.

ಪ್ರಕಾಶ ಕೊಟ್ಟ. "ಮುಂಜಾನಿಂದ ಇದನ್ನs ಹಿಡಕೊಂಡು ನಿಂತೇನ್ರಿ ಮಾಮಾ" ಅಂದ. ಇಡೀ ಪಡಸಾಲೆ ನಕ್ಕಿತು. ಆ ನಗುವಿನಲ್ಲಿ ಬೆಳಗಿನಿಂದ ಬಿಗಿದಿದ್ದ ಏನೋ ಒಂದು ಸಡಿಲಾಯಿತು. ಮುಚ್ಚಳವಲ್ಲ, ಮನುಷ್ಯರು.

ಪೆಟ್ಟಿಗೆಯನ್ನು ಮಗುಚಿ ಹಾಕಿದರು. ಎಲ್ಲರೂ ಬಗ್ಗಿ ತಳ ನೋಡಿದರು. ತೇವ ಕುಡಿದು ಕಪ್ಪಾಗಿತ್ತು. ಅಲ್ಲಲ್ಲಿ ಬಿಳಿಯ ಬೂಷ್ಟು. ಸ್ಕ್ರೂಗಳಿಗೆ ತುಕ್ಕು. ಒಂದೊಂದಾಗಿ ತಿರುಗಿದವು. ಕೊನೆಯದೊಂದು ಹಟ ಹಿಡಿಯಿತು. ನೀಲವ್ವ ಒಳಗೆ ಹೋಗಿ ಹೊಲಿಗೆ ಮಷಿನ್ನಿನ ಎಣ್ಣೆ ತಂದು ತಾವೇ ತೊಟ್ಟು ಬಿಟ್ಟರು. ಅದೂ ತಿರುಗಿತು.

ತಳದ ಹಲಗೆ ಮೇಲೆ ಬಂತು.

ಒಳಗೆ ಬಿಳಿಯ ಬಟ್ಟೆಯ ಗಂಟು. ಬಿಳಿಯದು ಅಂದೆನೇ? ಅದರ ಅಂಚಿಗೆಲ್ಲ ಚಹಾ ಚೆಲ್ಲಿದಂತೆ ಕಂದು ಗೆರೆ. ಗಂಗವ್ವನ ಮುಖ ಸಣ್ಣಗಾಯಿತು. ಬರಿಮೈ ಕಟ್ಟಿಗೆ ತೇವವಾದರೆ ಬಣ್ಣ ಬಿಡುತ್ತದೆ. ತಾಗಿದ ಬಟ್ಟೆಗೆ ಕಲೆ ಗ್ಯಾರಂಟಿ. ಅವಳು ಒಂದು ಮಡಿಕೆ ಬಿಚ್ಚಿದಳು. ಅಲ್ಲಿಯೂ ಕಂದು, ಆದರೆ ತಿಳಿ. ಇನ್ನೊಂದು ಮಡಿಕೆ. ಅಲ್ಲಿ ಬರೀ ಬಿಳುಪು.

ಮತ್ತೊಂದು ಬಿಚ್ಚಿದಾಗ ಹಸಿರು ಕಂಡಿತು.

ಒಂದು ಚುಕ್ಕೆಯೂ ಇರಲಿಲ್ಲ. ಗಂಗವ್ವ ಮದುವೆಯ ದಿನ ಸೀರೆಯನ್ನು ಗಂಡನ ಹಳೆಯ ಧೋತರದಲ್ಲಿ ಹಲವು ಸುತ್ತು ಸುತ್ತಿ ಇಟ್ಟಿದ್ದಳು. ಯಾಕೆಂದು ಕೇಳಿದರೆ ಅವಳಿಗೂ ಕಾರಣ ಗೊತ್ತಿಲ್ಲ. "ಸೀರಿ ಹಂಗs ಯಾರರೆ ಇಡತಾರೇನ್ರಿ?" ಅನ್ನುತ್ತಾಳೆ. ಕಲೆಯನ್ನೆಲ್ಲ ಧೋತರವೇ ತನ್ನ ಮೈಮೇಲೆ ಹಾಕಿಕೊಂಡಿತ್ತು.

ಈರಪ್ಪನ ಕೈಗೆ ಸೆರಗು ಕೊಟ್ಟರು. ಅವರು ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆ ಹಿಡಿದು ಉಜ್ಜಿದರು. ತಲೆ ಆಡಿಸಿ ವಾಪಸ್ಸು ಕೊಟ್ಟರು.

ಸವಿತಾ ಉಟ್ಟು ಬಂದಳು. ಹೆಂಗಸರು ಮಣೆಯ ಕಡೆ ಕರೆಯುತ್ತಿದ್ದರು. ಅವಳು ಮಣೆಗೆ ಹೋಗಲಿಲ್ಲ, ಅಪ್ಪನ ಮುಂದೆ ಬಂದು ನಿಂತಳು.

"ಸ್ವಲ್ಪ ಬೆಳಕಿಗೆ ಬಾರವಾ" ಅಂದರು ಈರಪ್ಪ.

ಅವಳು ಹೊಸ್ತಿಲ ಹತ್ತಿರ ಹೋಗಿ ನಿಂತಳು. ಹೊರಗೆ ಮಳೆ ನಿಂತಿತ್ತು. ಬಿಸಿಲಿರಲಿಲ್ಲ, ಆದರೆ ಮೋಡದ ಆಚೆಯಿಂದ ಬಿಳಿಯ ಬೆಳಕು ಬರುತ್ತಿತ್ತು. ಈರಪ್ಪ ಕತ್ತನ್ನು ಸ್ವಲ್ಪ ಓರೆ ಮಾಡಿದರು, ಉಳಿದಿರುವಷ್ಟು ನೋಟದಲ್ಲಿ ಮಗಳನ್ನು ಸರಿಯಾಗಿ ಹಿಡಿಯುವವರ ಹಾಗೆ. ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದರು. ಯಾರೂ ಅವಸರ ಮಾಡಲಿಲ್ಲ. ಅಂಗಳದ ಹಾಡು ಕೂಡ ತಾನಾಗಿ ನಿಂತಿತ್ತು.

"ಅಂಚು ನೆಟ್ಟಗ ಬಂದೈತಿ" ಅಂದರು.

ಅಷ್ಟೇ ಅಂದದ್ದು. ಗಂಗವ್ವ ಒಳಗೆ ಹೋಗಿ ಅತ್ತು ಬಂದಳು. ನಮ್ಮವರು ಬಿಚ್ಚಿದ ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕುವ ಕೆಲಸದಲ್ಲಿ ಬಹಳ ಮಗ್ನರಾಗಿದ್ದರು. ಆರತಿ ಆಯಿತು, ಬಳೆ ತೊಡಿಸಿದರು, ಊಟ ಆಯಿತು. ಆರಿದ ಅನ್ನ ಅಷ್ಟು ರುಚಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಊಟದ ನಂತರ ನೀಲವ್ವ ನಮ್ಮವರ ಮುಂದೆ ಬಂದು ಕೂತರು. "ಈಗ ಹೇಳ್ರಿ ಬೀಗರ. ಹೆಂಗ ನೋಡ್ಕೊಳ್ಳೂದು ಇದನ್ನ?"

ನಮ್ಮವರು ಹೇಳಿದರು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವರಿಗೆ ಇದಕ್ಕಿಂತ ಸುಖ ಇನ್ನೇನಿದೆ? ಒದ್ದೆ ಅರಿವೆ ಬೇಡ, ಒಣ ಅರಿವೆ ಸಾಕು. ಏನಾದರೂ ಚೆಲ್ಲಿತು ಅನ್ನಿ, ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒತ್ತಿ ತೆಗೆದು ಕೂಡಲೇ ಒಣಗಿಸಬೇಕು. ಗೋಡೆಗೂ ಪೆಟ್ಟಿಗೆಗೂ ನಡುವೆ ಒಂದು ಕೈ ಹೋಗುವಷ್ಟು ಜಾಗ ಬೇಕು, ಕೆಳಗೆ ಇಟ್ಟಂಗಿ (ಇಟ್ಟಿಗೆ) ಇಟ್ಟು ಗಾಳಿಯಾಡಲು ಬಿಡಬೇಕು. ಒಣಗಲೆಂದು ಬಿಸಿಲಿಗೆ ಇಟ್ಟರೆ ಸೀಳುತ್ತದೆ, ನೆರಳೇ ಸರಿ. ಆಗಾಗ ಮುಚ್ಚಳ ತೆಗೆದಿಡಬೇಕು. ಒಳಗೆ ಒಗೆದ ಬಿಳಿಯ ಹತ್ತಿ ಬಟ್ಟೆ ಹಾಸಬೇಕು, ಆ ಬಟ್ಟೆಯನ್ನೂ ಆಗಾಗ ಬದಲಿಸಬೇಕು. ಹುಳಕ್ಕೆ ಹೆದರಿಕೆಯಾದರೆ ಒಣ ಬೇವಿನ ಸೊಪ್ಪನ್ನು ಅರಿವೆಯಲ್ಲಿ ಕಟ್ಟಿ ಮೂಲೆಗಿಡಿ.

"ಎಣ್ಣಿ ಹಚ್ಚಬೇಕೇನ್ರಿ?"

"ಒಳಗ ಹಚ್ಚಬ್ಯಾಡ್ರಿ, ಸೀರಿಗೆ ಹತ್ತತೈತಿ. ಮುಚ್ಚಳದ ಅಂಚಿಗೆ ಮೇಣಬತ್ತಿ ತಿಕ್ಕಿದ್ರ ಆತು, ಸಳಕ್ಕನ ಬರತೈತಿ."

"ಮತ್ತ ಶುಕ್ರವಾರ?"

ನಮ್ಮವರು ಸ್ವಲ್ಪ ಯೋಚಿಸಿದರು. "ಹೂವು ಇಡ್ರಿ. ಒಣಾದು" ಅಂದರು.

ಪೆಟ್ಟಿಗೆಯನ್ನು ತಳ ಬಿಚ್ಚಿದ ಹಾಗೆಯೇ ಪಡಸಾಲೆಯ ನೆರಳಲ್ಲಿ, ಇಟ್ಟಂಗಿಗಳ ಮೇಲೆ ಮಗುಚಿ ಇಟ್ಟು ಬಂದೆವು. ಮುಂದಿನ ವಾರ ನೀಲವ್ವನ ಫೋನು. ಮುಚ್ಚಳ ತಾನಾಗಿಯೇ ಸಡಿಲಾಗಿತ್ತಂತೆ. ಎತ್ತಿದರೆ ಕೈಗೆ ಬಂತಂತೆ. ನಮ್ಮವರು ರಂದಾ ಹಿಡಿದು ಮತ್ತೆ ಬೀಳಗಿಗೆ ಹೊರಟರು. ನಾನೂ ಹೋದೆ.

ಮುಚ್ಚಳದ ಒಳ ಅಂಚನ್ನು ಅವರು ಒಂದಿಷ್ಟು ಹೆರೆದರು. ಈಗ ಅದರ ಸಂದಿನಲ್ಲಿ ಸೂಜಿ ಹೋಗುತ್ತದೆ. ಒಂದು ದಪ್ಪ ಕಾಗದವೂ ಹೋಗುತ್ತದೆ. "ಕಟಗಿಗೆ ಉಸರಾಡಾಕ ಜಾಗಾ ಬೇಕು" ಅಂದರು. ಹೇಳಿದ ದನಿ ನೋಡಿದರೆ ಮೊದಲಿನಿಂದಲೂ ಅದೇ ಅವರ ಅಭಿಪ್ರಾಯವಾಗಿತ್ತು ಅನ್ನಬೇಕು. (ನಾನು ಬಾಯಿ ಬಿಡಲಿಲ್ಲ. ನಲವತ್ತರ ಹತ್ತಿರಕ್ಕೆ ಬಂದ ಸಂಸಾರದಲ್ಲಿ ಇಷ್ಟು ಕಲಿಯದಿದ್ದರೆ ಹೇಗೆ?)

ಬೂಷ್ಟು ಹಿಡಿದ ತಳವನ್ನು ಉಜ್ಜುವ ಕೆಲಸ ನೀಲವ್ವ ತಾವೇ ತೆಗೆದುಕೊಂಡರು. ಸಣ್ಣ ಸ್ಯಾಂಡ್ ಪೇಪರ್, ಕಟ್ಟಿಗೆಯ ಗೆರೆ ಹೋದ ಕಡೆಗೇ ಕೈ ಹೋಗಬೇಕು, ಅಡ್ಡ ಉಜ್ಜಬಾರದು. ಮೊದಲು ಅಡ್ಡ ಉಜ್ಜಿದರು. ನಮ್ಮವರು ತಿದ್ದಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ತಾನಾಗಿಯೇ ಗೆರೆ ಹಿಡಿಯಿತು. ಕಪ್ಪು ಹೋಗಿ ತಿಳಿಕಂದು ಮೇಲೆ ಬರುತ್ತಿದ್ದಂತೆ ಅವರು ಒಂದು ಕೈ ಬಿಟ್ಟು ಅಲ್ಲಿ ಸವರಿ ನೋಡಿದರು. ಮತ್ತೆ ಉಜ್ಜಿದರು. ಮತ್ತೆ ಸವರಿದರು. ಸೊಸೆ ಊಟಕ್ಕೆ ಕರೆದರೆ "ಬಂದ್ನಿ" ಅಂದರು, ಏಳಲಿಲ್ಲ.

ಮುಚ್ಚಳದ ಮೇಲಿನ ಅರಿಷಿಣದ ಕಲೆ ಉಳಿದಿತ್ತು. "ಇದನ್ನೂ ತಿಕ್ಕಿ ತೆಗೀಲೇನವಾ?" ನಮ್ಮವರು ಸವಿತಾಳನ್ನು ಕೇಳಿದರು.

ಅವಳು ಅತ್ತೆಯ ಕಡೆ ನೋಡಿದಳು. "ಇರ್ಲಿ ಬಿಡು ಮಾಮಾ. ನಮ್ಮತ್ತಿ ಹಚ್ಚಿದ್ದು" ಅಂದಳು.

ನೀಲವ್ವ ತಲೆ ಎತ್ತಲಿಲ್ಲ. ಉಜ್ಜುವ ವೇಗ ಮಾತ್ರ ಸ್ವಲ್ಪ ಜಾಸ್ತಿಯಾಯಿತು.

ಅವತ್ತು ಸಂಜೆ ಬಸ್ಸಿನಲ್ಲಿ ಬರುವಾಗ ನಮ್ಮ ಮನೆಯನ್ನೊಮ್ಮೆ ಮನಸ್ಸಿನಲ್ಲೇ ಸುತ್ತಿ ಬಂದೆ. ಸನ್ಮೈಕಾ ಟೇಬಲ್ಲು, ಪ್ಲಾಸ್ಟಿಕ್ ಖುರ್ಚಿ, ಸ್ಟೀಲ್ ಡಬ್ಬಿ, ಗಾಜಿನ ಶೋಕೇಸ್. ಎಲ್ಲವೂ ಮೆಂಟೆನೆನ್ಸ್ ಫ್ರೀ. ಅಂಗಡಿಯವನು ಮಾರುವಾಗ ಅದನ್ನೇ ದೊಡ್ಡ ಗುಣವೆಂದು ಹೇಳಿದ್ದ, ನಾವೂ ಅದನ್ನೇ ನೋಡಿ ತಂದೆವು. ಹೇಗಿಟ್ಟರೂ ಇರುತ್ತವೆ. ಮಳೆ ಬಂದರೆ ಅವಕ್ಕೆ ಗೊತ್ತಾಗುವುದಿಲ್ಲ, ಬೇಸಿಗೆ ಬಂದರೆ ಗೊತ್ತಾಗುವುದಿಲ್ಲ, ನಾವು ಇದ್ದರೂ ಸತ್ತರೂ ಗೊತ್ತಾಗುವುದಿಲ್ಲ. ನಮ್ಮಿಂದ ಏನನ್ನೂ ಕೇಳುವುದಿಲ್ಲ ನಿಜ. ಕೇಳದೇ ಇರುವುದರಿಂದಲೇ ನಾವು ಅವನ್ನು ನೋಡುವುದನ್ನೂ ಬಿಟ್ಟಿದ್ದೇವೆ.

ಬರಿಮೈ ಕಟ್ಟಿಗೆ ಬಲು ರಗಳೆ. ಒದ್ದೆ ಕೈ ಆಗದು, ಬಿಸಿಲು ಆಗದು, ಗೋಡೆ ಆಗದು. ಶ್ರಾವಣದಲ್ಲಿ ಉಬ್ಬುತ್ತದೆ, ಚೈತ್ರದಲ್ಲಿ ಕುಗ್ಗುತ್ತದೆ. ಮನೆಯ ಹಿರಿಯರ ಮಂಡಿನೋವಿನ ಹಾಗೆ ಹವೆ ನೋಡಿ ನಡೆಯುತ್ತದೆ. ಆದರೆ ಒಂದು ಮಾತು ಖರೆ. ಆ ಮನೆಯಲ್ಲಿ ಅತ್ತೆ ಸೊಸೆ ಈಗ ದಿನಕ್ಕೊಮ್ಮೆ ಅದರ ಮುಂದೆ ಕೂರುತ್ತಾರಂತೆ. ಒಬ್ಬರು ಮುಚ್ಚಳ ತೆಗೆದರೆ ಇನ್ನೊಬ್ಬರು ಒಣ ಅರಿವೆ ತರುತ್ತಾರಂತೆ. ಒರೆಸುವುದು ಸ್ವಲ್ಪವೇ ಹೊತ್ತು, ಮಾತು ಮಾತ್ರ ಬಹಳ ಹೊತ್ತು ಎಂದು ಪ್ರಕಾಶನ ದೂರು.

ನಿಮ್ಮನ್ನು ಒಂದು ಕೇಳಲೇ? ನಿಮ್ಮ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ನೀವು ಪ್ರೀತಿಯಿಂದ ಕೈಯಾಡಿಸುವ ವಸ್ತು, ಮೊಬೈಲ್ ಬಿಟ್ಟರೆ, ಯಾವುದಿದೆ?